ನಾಯಿಯ ಚಿಗಟ: ಬಾಚಣಿಗೆ, ಸೋಪಿನ ನೀರು, ಬಿಸಿಲು

ಚಿಗಟಕ್ಕೆ ಮನೆಮದ್ದು ಅಂದ ಕೂಡಲೇ ಎಲ್ಲರೂ ಕೇಳುವುದು ನಾಯಿಯ ಮೈಗೆ ಏನು ಹಚ್ಚಬೇಕು ಅಂತ. ನನ್ನ ಅನುಭವದಲ್ಲಿ ಮೈಗೆ ಹಚ್ಚುವುದು ಸಣ್ಣ ಕೆಲಸ. ನಾಯಿ ಮಲಗುವ ಜಾಗವನ್ನು ಸರಿ ಮಾಡುವುದೇ ದೊಡ್ಡದು. ಚಿಗಟ ಹತ್ತಿದ ಮನೆಯಲ್ಲಿ ನಾಯಿಯ ಮೈಮೇಲೆ ಓಡಾಡುವ ಬೆಳೆದ ಚಿಗಟಗಳು ಒಟ್ಟಿನಲ್ಲಿ ಸುಮಾರು ಶೇಕಡಾ 5 ಮಾತ್ರ. ಉಳಿದದ್ದೆಲ್ಲ ಮೊಟ್ಟೆ, ಮರಿಹುಳು, ಗೂಡಿನೊಳಗಿನ ಕೋಶ. ಅವು ಇರುವುದು ಹಾಸಿಗೆಯಲ್ಲಿ, ಸೋಫಾದ ಸಂದಿಯಲ್ಲಿ, ಮಂಚದ ಕೆಳಗಿನ ಧೂಳಿನಲ್ಲಿ.

ಒಂದು ತೀರಾ ಪುಟ್ಟ ಮರಿ ಮನೆಗೆ ಬಂದಾಗ ನಾನು ಈ ಕೆಲಸಕ್ಕೆ ಕೈ ಹಾಕಿದೆ. ಅದರ ಮೈ ತುಂಬ ಚಿಗಟ. ಮನೆಯಲ್ಲಿ ಆಗಲೇ ಕರಿಯ ಅನ್ನುವ ದೊಡ್ಡ ನಾಯಿ ಇದ್ದ. ಬೆನ್ನಿಗೆ ಬಿಡುವ ಹನಿ ಮದ್ದುಗಳಲ್ಲಿ ಹೆಚ್ಚಿನವು 8 ವಾರ ತುಂಬದ ಮರಿಗೆ ಹಾಕುವಂಥವಲ್ಲ. ಹಾಗಾಗಿ ಅಲ್ಲಿಯ ತನಕ ಕೈಯಿಂದಲೇ ನಿಭಾಯಿಸಬೇಕಿತ್ತು.

ಮೊದಲು ಅದು ಚಿಗಟವೇ ಹೌದಾ ಅಂತ ನೋಡಿಕೊಳ್ಳಿ. ನಾಯಿ ಕೆರೆದುಕೊಂಡಿತು ಅಂದರೆ ಉಣ್ಣೆ ಇರಬಹುದು, ಹೇನು ಇರಬಹುದು, ಕಜ್ಜಿಯೂ ಇರಬಹುದು. ನಾನು ಬಾಲದ ಬುಡದಲ್ಲಿ ಮತ್ತು ತೊಡೆಯ ಒಳಭಾಗದಲ್ಲಿ ಕೂದಲು ಬಿಡಿಸಿ ನೋಡಿದೆ. ಕರಿಮೆಣಸಿನ ಪುಡಿ ಉದುರಿಸಿದ ಹಾಗೆ ಕಪ್ಪು ಚುಕ್ಕೆಗಳು ಕಂಡವು. ಅವನ್ನು ಒದ್ದೆ ಮಾಡಿದ ಬಿಳಿ ಕಾಗದದ ಮೇಲೆ ಉದುರಿಸಿದೆ. ಸ್ವಲ್ಪ ಹೊತ್ತಿನಲ್ಲಿ ಸುತ್ತಲೂ ಕೆಂಪು ಕಂದು ಬಣ್ಣ ಹರಡಿತು. ಅದು ಚಿಗಟದ ಹಿಕ್ಕೆ. ಕುಡಿದ ರಕ್ತವೇ ಒಣಗಿ ಉದುರಿರುತ್ತದೆ, ಅದಕ್ಕೇ ಆ ಬಣ್ಣ. ಬರೀ ಮಣ್ಣಾಗಿದ್ದರೆ ಕೆಂಪು ಬರುವುದಿಲ್ಲ.

ಆಮೇಲೆ ಬಾಚಣಿಗೆ. ನಾನು ಮಾಡಿದ್ದರಲ್ಲಿ ಯಾವುದು ಜಾಸ್ತಿ ಉಪಯೋಗಕ್ಕೆ ಬಂತು ಅಂತ ಕೇಳಿದರೆ ಇದನ್ನೇ ಹೇಳುತ್ತೇನೆ. ಒತ್ತೊತ್ತಾದ ಹಲ್ಲಿನ ಹೇನು ಬಾಚಣಿಗೆ ಸಾಕು. ಪಕ್ಕದಲ್ಲಿ ಒಂದು ಬಟ್ಟಲು ನೀರಿಗೆ ಪಾತ್ರೆ ತೊಳೆಯುವ ಸೋಪು ಕಲಸಿಟ್ಟುಕೊಳ್ಳಬೇಕು. ಬರೀ ನೀರಿನಲ್ಲಿ ಚಿಗಟ ತೇಲುತ್ತದೆ, ಮತ್ತೆ ಹಾರುತ್ತದೆ. ಸೋಪು ಬೆರೆತರೆ ಮುಳುಗಿ ಸಾಯುತ್ತದೆ. ಕತ್ತು, ಕಿವಿಯ ಹಿಂದೆ, ಕಂಕುಳು, ಹೊಟ್ಟೆ, ಬಾಲದ ಬುಡ, ಈ ಜಾಗಗಳಲ್ಲಿ ಚರ್ಮಕ್ಕೆ ತಾಗುವ ಹಾಗೆ ನಿಧಾನವಾಗಿ ಎಳೆದು, ಪ್ರತಿ ಸಲವೂ ಬಾಚಣಿಗೆಯನ್ನು ಬಟ್ಟಲಿನಲ್ಲಿ ಅದ್ದುತ್ತಿದ್ದೆ. ಉಗುರಿನಲ್ಲಿ ಕುಕ್ಕಲು ಹೋಗಬೇಡಿ. ಚಿಗಟದ ಮೈ ಚಪ್ಪಟೆ, ಗಟ್ಟಿ. ಸುಲಭವಾಗಿ ಜಾರಿಕೊಳ್ಳುತ್ತದೆ.

ಮರಿಗೆ ದಿನಕ್ಕೆ ಎರಡು ಹೊತ್ತು, ಕರಿಯನಿಗೆ ಸಂಜೆ ಹೊತ್ತು ಬಾಚುತ್ತಿದ್ದೆ. ಕರಿಯ ಮೊದಮೊದಲು ಕೊಸರಾಡಿದ. ಕಿವಿಯ ಹಿಂದೆ ಬಾಚಿದರೆ ಹಿತ ಅಂತ ಗೊತ್ತಾದ ಮೇಲೆ ತಾನೇ ಬಂದು ಕತ್ತು ಚಾಚುತ್ತಿದ್ದ.

ಸ್ನಾನದಲ್ಲಿ ಒಂದು ಕ್ರಮ ಇದೆ. ಮೈ ಒದ್ದೆಯಾದ ಕೂಡಲೇ ಚಿಗಟಗಳು ತಲೆಯ ಕಡೆಗೆ ಓಡುತ್ತವೆ. ಅದಕ್ಕೇ ಮೊದಲು ಕತ್ತಿನ ಸುತ್ತ ದಪ್ಪಗೆ ನೊರೆ ಕಟ್ಟಿಸಬೇಕು. ಆಮೇಲೆ ಬೆನ್ನು, ಹೊಟ್ಟೆ, ಕಾಲು. ಐದರಿಂದ ಹತ್ತು ನಿಮಿಷ ನೊರೆ ಹಾಗೇ ಇರಲಿ. ಆ ಹೊತ್ತಿನಲ್ಲೇ ಬಾಚಿದರೆ ತುಂಬ ಚಿಗಟ ಸಿಗುತ್ತದೆ. ನಾಯಿಗಳ ಶಾಂಪೂವೇ ಒಳ್ಳೆಯದು. ಪಾತ್ರೆ ಸೋಪನ್ನು ಮೈಗೆ ಪದೇ ಪದೇ ಹಾಕಿದರೆ ಚರ್ಮದ ಎಣ್ಣೆ ಹೋಗಿ ಒಣಗುತ್ತದೆ, ಒಣಗಿದರೆ ಮತ್ತೆ ಕೆರೆತ. ಇನ್ನೊಂದು ವಿಷಯ. ಸೋಪಿನ ಕೆಲಸ ನೀರು ಸುರಿದು ತೊಳೆಯುವ ತನಕ ಮಾತ್ರ. ಮರುದಿನ ಹೊಸ ಚಿಗಟ ಹತ್ತಿದರೆ ಅದನ್ನು ತಡೆಯಲು ಅಲ್ಲಿ ಏನೂ ಉಳಿದಿರುವುದಿಲ್ಲ. ಪುಟ್ಟ ಮರಿಗೆ ಬೇಗ ಚಳಿ ಹಿಡಿಯುತ್ತದೆ. ಅದಕ್ಕೆ ಉಗುರು ಬೆಚ್ಚಗಿನ ನೀರು, ಅವಸರದ ಸ್ನಾನ, ಕೂಡಲೇ ಒಣ ಬಟ್ಟೆಯಲ್ಲಿ ಒರೆಸುವುದು. ಉಳಿದ ದಿನ ಬರೀ ಬಾಚುವುದು.

ಈಗ ಹಾಸಿಗೆಯ ವಿಷಯಕ್ಕೆ ಬರುತ್ತೇನೆ. ಹೆಣ್ಣು ಚಿಗಟ ದಿನಕ್ಕೆ 40ರ ತನಕ ಮೊಟ್ಟೆ ಇಡಬಲ್ಲದು. ಮೊಟ್ಟೆ ಇಡುವುದು ನಾಯಿಯ ಮೈಮೇಲೇ. ಆದರೆ ಮೊಟ್ಟೆಗೆ ಅಂಟು ಇಲ್ಲ, ಉದುರಿ ಹೋಗುತ್ತದೆ. ಮೊಟ್ಟೆಯ ಜೊತೆಗೇ ಆ ಒಣ ರಕ್ತದ ಹಿಕ್ಕೆಯೂ ಉದುರುತ್ತದೆ. ಮರಿಹುಳು ತಿಂದು ಬೆಳೆಯುವುದು ಅದನ್ನೇ. ಅಂದರೆ ನಾಯಿ ಎಲ್ಲಿ ಜಾಸ್ತಿ ಹೊತ್ತು ಮಲಗುತ್ತದೋ ಅಲ್ಲಿ ಚಿಗಟದ ಮೊಟ್ಟೆಯೂ ಸಿದ್ಧ, ಊಟವೂ ಸಿದ್ಧ. ಇದು ತಿಳಿದ ಮೇಲೆ ನನಗೆ ದಾರಿ ಸಲೀಸಾಯಿತು. ನಾಯಿಗಳು ಮನೆ ತುಂಬ ಮಲಗುವುದನ್ನು ನಿಲ್ಲಿಸಿ ಒಂದೇ ಜಾಗ ಗೊತ್ತು ಮಾಡಿದೆ. ದಪ್ಪ ಹಾಸಿಗೆ ತೆಗೆದು, ಹಳೆಯ ಬೆಡ್‌ಶೀಟ್ ಮಡಚಿ ಹಾಸಿದೆ. ಒಂದು ಒಗೆಯಲು ಹೋದರೆ ಇನ್ನೊಂದು ಹಾಸಲು ಇರಲಿ ಅಂತ ಎರಡು ಜೊತೆ ಇಟ್ಟುಕೊಂಡೆ.

ಬೆಡ್‌ಶೀಟನ್ನು ಎತ್ತಿ ಕೊಡವಬಾರದು. ಕೊಡವಿದರೆ ಮೊಟ್ಟೆಗಳು ಕೋಣೆ ತುಂಬ ಚೆಲ್ಲುತ್ತವೆ. ನಾಲ್ಕು ಮೂಲೆ ಒಳಗೆ ಮಡಚಿ, ಗಂಟಿನ ಹಾಗೆ ಹಿಡಿದು ಒಯ್ಯಬೇಕು. 60 ಡಿಗ್ರಿ ಬಿಸಿಯ ನೀರಿನಲ್ಲಿ ಒಗೆದರೆ ಎಲ್ಲ ಹಂತದ ಚಿಗಟವೂ ಸಾಯುತ್ತದೆ. ಆಮೇಲೆ ಸುಡುಬಿಸಿಲಿನಲ್ಲಿ ಪೂರ್ತಿ ಒಣಗಿಸುವುದು. ಮರಿಹುಳುವಿಗೆ ತೇವ ಬೇಕು, ಕತ್ತಲೆ ಬೇಕು. ಗಾಳಿಯ ತೇವ ಶೇಕಡಾ 50ಕ್ಕಿಂತ ಕೆಳಗಿಳಿದರೆ ಅದು ಒಣಗಿ ಸಾಯುತ್ತದೆ. ಅಂಗಳದಲ್ಲೂ ಅಷ್ಟೇ. ಬಿಸಿಲು ಬೀಳುವ ಬಯಲಿನಲ್ಲಿ ಚಿಗಟ ಬೆಳೆಯುವುದು ಕಷ್ಟ. ನೆರಳಿರುವ, ತೇವ ಇರುವ, ನಾಯಿ ಮಲಗುವ ಮೂಲೆಗಳನ್ನಷ್ಟೇ ಗುಡಿಸಿ ತೆರವು ಮಾಡಿದರೆ ಸಾಕು.

ನೆಲಕ್ಕೆ ವ್ಯಾಕ್ಯೂಮ್ ಕ್ಲೀನರ್ ಹಿಡಿದೆ. ಗೋಡೆಯ ಬುಡ, ಸೋಫಾದ ಮೆತ್ತೆಗಳ ಕೆಳಗೆ, ಮಂಚದಡಿ. ಕೆಲಸ ಮುಗಿದ ಕೂಡಲೇ ಒಳಗಿನ ಕಸವನ್ನು ಕವರಿಗೆ ಸುರಿದು, ಬಾಯಿ ಬಿಗಿಯಾಗಿ ಕಟ್ಟಿ ಹೊರಗೆ ಹಾಕುತ್ತಿದ್ದೆ. ಯಂತ್ರ ಇಲ್ಲದಿದ್ದರೆ ಚೆನ್ನಾಗಿ ಗುಡಿಸಿ, ಬಿಸಿ ಸೋಪಿನ ನೀರಿನಲ್ಲಿ ಸಂದಿ ಸಂದಿ ಒರೆಸಬಹುದು.

ಇಷ್ಟೆಲ್ಲ ಮಾಡಿದ ಮೇಲೆ ಚಿಗಟ ಕಡಿಮೆಯಾಯಿತು. ಆಮೇಲೆ ಇದ್ದಕ್ಕಿದ್ದಂತೆ ಮತ್ತೆ ಕಂಡಿತು. ಬಹಳ ಜನ ಕೈಬಿಡುವುದು ಇಲ್ಲೇ. ಅದಕ್ಕೇ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮರಿಹುಳು ಬೆಳೆದು ರೇಷ್ಮೆಯಂಥ ನೂಲಿನಿಂದ ಗೂಡು ಕಟ್ಟಿಕೊಳ್ಳುತ್ತದೆ. ಆ ಗೂಡಿಗೆ ಅಂಟು ಇರುತ್ತದೆ, ಸುತ್ತಲಿನ ಧೂಳು ಮೆತ್ತಿಕೊಂಡು ಕಣ್ಣಿಗೆ ಬೀಳುವುದೇ ಇಲ್ಲ. ಚಿಗಟದ ಪುಡಿ, ಸ್ಪ್ರೇ ಯಾವುದೂ ಅದರೊಳಗೆ ಸರಿಯಾಗಿ ಇಳಿಯುವುದಿಲ್ಲ. ಒಳಗಿನ ಚಿಗಟ ತಿಂಗಳುಗಟ್ಟಲೆ ಕಾಯಬಲ್ಲದು. ಹತ್ತಿರದಲ್ಲಿ ನಡೆದಾಡಿದ ಅದುರು, ಮೈಯ ಬಿಸಿ, ಉಸಿರಿನ ಗಾಳಿ ಗೊತ್ತಾದಾಗ ಹೊರಗೆ ಹಾರುತ್ತದೆ. ಬೀಗ ಹಾಕಿದ್ದ ಮನೆಗೆ ತಿರುಗಿ ಬಂದ ಕೂಡಲೇ ಚಿಗಟ ಕಾಲಿಗೆ ಮುತ್ತುವುದು ಇದಕ್ಕೇ. ಹಾಗಾಗಿ ಮತ್ತೆ ಕಂಡ ಚಿಗಟ ನಿಮ್ಮ ಕೆಲಸ ಕೆಟ್ಟದ್ದಕ್ಕೆ ಗುರುತಲ್ಲ. ಹಳೆಯ ಗೂಡುಗಳು ಒಡೆಯುತ್ತಿವೆ, ಅಷ್ಟೇ. ಹೊಸದಾಗಿ ಹಾರಿ ಬಂದದ್ದು ಮೊಟ್ಟೆ ಇಡಲು ಶುರು ಮಾಡುವ ಮೊದಲೇ ಬಾಚಣಿಗೆಗೆ ಸಿಗಬೇಕು. ರಕ್ತ ಕುಡಿದ ಒಂದೆರಡು ದಿನದಲ್ಲೇ ಮೊಟ್ಟೆ ಶುರುವಾಗುತ್ತದೆ. ದಿನಾ ಬಾಚುವುದು ಸುಮ್ನೆ ಅಲ್ಲ. ಮನೆಯಲ್ಲಿ ಗೂಡುಗಳೆಲ್ಲ ಮುಗಿಯಲು ಕೆಲವು ಸಲ 3 ತಿಂಗಳು ಹಿಡಿಯುತ್ತದೆ.

ಎಷ್ಟು ಉಳಿದಿದೆ ಅಂತ ತಿಳಿಯಲು ರಾತ್ರಿ ನೆಲದ ಮೇಲೆ ಅಗಲ ತಟ್ಟೆಯಲ್ಲಿ ಸೋಪಿನ ನೀರು ಇಟ್ಟು, ಮೇಲೆ ಒಂದು ಟೇಬಲ್ ಲ್ಯಾಂಪ್ ಹಚ್ಚಿಡುತ್ತಿದ್ದೆ. ಬೆಳಕಿಗೆ, ಬಿಸಿಗೆ ಚಿಗಟ ಹಾರಿ ಬಂದು ಬೀಳುತ್ತದೆ. ಇದರಿಂದ ಚಿಗಟ ಮುಗಿಯುವುದಿಲ್ಲ. ಯಾವ ಕೋಣೆಯಲ್ಲಿ ಜಾಸ್ತಿ ಅಂತ ಗೊತ್ತಾಗುತ್ತದೆ. ನಾಯಿಗಳ ಕಾಲಿಗೆ ಸಿಗದ ಹಾಗೆ ಬಾಗಿಲು ಹಾಕಿಡಿ.

ಬೇವು ಏನಾಯಿತು ಅಂತ ಕೇಳುತ್ತೀರಿ ಅಲ್ವಾ? ಬೇವಿನ ಸೊಪ್ಪು ಕುದಿಸಿ, ಆರಿಸಿ, ಸೋಸಿ ಕರಿಯನಿಗೆ ಸ್ನಾನದ ಕೊನೆಗೆ ಸುರಿದೆ. ಆ ದಿನ ಕೆರೆತ ಕಡಿಮೆ ಕಂಡಿತು. ಆದರೆ ಸಂಜೆ ಬಾಚಿದಾಗ ಚಿಗಟ ಸಿಕ್ಕಿತು. ಚರ್ಮಕ್ಕೆ ತಂಪು ಅಂತ ಬೇಕಾದರೆ ಹಾಕಿ, ಅದನ್ನೇ ನಂಬಿ ಕೂರಬೇಡಿ. ವಿನೆಗರ್ ಕೂಡ ಚಿಗಟವನ್ನು ಕೊಲ್ಲುವುದಿಲ್ಲ. ಕೆರೆದು ಗಾಯವಾದ ಜಾಗಕ್ಕೆ ಬಿದ್ದರೆ ಉರಿ ಮಾತ್ರ.

ಕೆಲವನ್ನು ನಾನು ಮನೆಯೊಳಗೆ ಬಿಟ್ಟುಕೊಳ್ಳಲೇ ಇಲ್ಲ. ಬೆಳ್ಳುಳ್ಳಿ, ಈರುಳ್ಳಿ ತಿನ್ನಿಸಿದರೆ ನಾಯಿಯ ಕೆಂಪು ರಕ್ತಕಣ ಒಡೆಯುತ್ತದೆ. ಟೀ ಟ್ರೀ ಎಣ್ಣೆ ನಾಯಿಗೆ ವಿಷ. ಸೀಮೆಎಣ್ಣೆ, ಫಿನಾಯಿಲ್, ನುಸಿಗುಳಿಗೆ, ಕರ್ಪೂರ ಇವನ್ನು ಮೈಗೂ ಹಚ್ಚಬಾರದು, ಹಾಸಿಗೆಯಲ್ಲೂ ಇಡಬಾರದು. ನಾಯಿ ಮೈ ನೆಕ್ಕುವ ಪ್ರಾಣಿ. ಮೈಗೆ ಹಚ್ಚಿದ್ದೆಲ್ಲ ಹೊಟ್ಟೆಗೂ ಹೋಗುತ್ತದೆ. ಮನೆಯಲ್ಲಿ ಬೆಕ್ಕು ಇದ್ದರೆ ಇನ್ನೂ ಎಚ್ಚರ ಬೇಕು. ನಾಯಿಗೆಂದು ಮಾಡಿದ, ಪರ್ಮೆಥ್ರಿನ್ ಅನ್ನುವ ಕೀಟನಾಶಕ ಇರುವ ಮದ್ದು ಬೆಕ್ಕಿನ ಜೀವವನ್ನೇ ತೆಗೆಯಬಹುದು.

ಮನೆಯಲ್ಲಿ ಏನೇ ಮಾಡುತ್ತಿದ್ದರೂ ಮರಿಯ ತುಟಿ ಎತ್ತಿ ವಸಡು ನೋಡುವುದನ್ನು ಮರೆಯಬೇಡಿ. ಗುಲಾಬಿ ಬಣ್ಣ ಹೋಗಿ ಬೆಳ್ಳಗಾದರೆ ರಕ್ತ ಕಡಿಮೆಯಾಗಿದೆ ಅಂತ ಅರ್ಥ. ಪುಟ್ಟ ಮರಿ ಚಿಗಟದಿಂದಲೇ ಸಾಯಬಹುದು. ಆಗ ಬಾಚುತ್ತಾ ಕೂರಬೇಡಿ, ಆ ಕ್ಷಣವೇ ವೈದ್ಯರ ಹತ್ತಿರ ಓಡಿ. ಹಿಂಭಾಗದಲ್ಲಿ ಅಕ್ಕಿ ಕಾಳಿನಂಥ ತುಣುಕು ಕಂಡರೆ ಅದು ಲಾಡಿಹುಳು. ಮೈ ಕಚ್ಚಿಕೊಳ್ಳುವಾಗ ನುಂಗಿದ ಚಿಗಟದಿಂದ ಬರುವುದು. ಅದಕ್ಕೆ ಹುಳುವಿನ ಮಾತ್ರೆ ಬೇಕೇ ಬೇಕು. ಕೆಲವು ನಾಯಿಗಳಿಗೆ ಚಿಗಟದ ಎಂಜಲು ಒಗ್ಗುವುದಿಲ್ಲ. ಒಂದೆರಡು ಕಚ್ಚಿದರೂ ಸೊಂಟದ ಕೂದಲು ಉದುರಿ, ಚರ್ಮ ಹುಣ್ಣಾಗುತ್ತದೆ. ಇಂಥ ನಾಯಿಗೆ ಬರೀ ಮನೆಮದ್ದು ಸಾಲದು.

ಮರಿಗೆ ವಯಸ್ಸು ತುಂಬಿದ ಮೇಲೆ ವೈದ್ಯರು ತೂಕ ನೋಡಿ ಬೆನ್ನಿಗೆ ಹನಿ ಮದ್ದು ಹಾಕಿದರು. ಕರಿಯನಿಗೂ ಅದೇ ದಿನ ಹಾಕಿಸಿದೆ, ಒಂದನ್ನು ಬಿಟ್ಟು ಒಂದಕ್ಕೆ ಹಾಕಿದರೆ ಉಪಯೋಗವಿಲ್ಲ. ಬೆಡ್‌ಶೀಟ್ ಒಗೆಯುವುದನ್ನೂ ಸಂದಿ ಗುಡಿಸುವುದನ್ನೂ ನಿಲ್ಲಿಸಲಿಲ್ಲ. ಮೈಮೇಲಿನ ಚಿಗಟ ಸತ್ತರೂ ನೆಲದ ಗೂಡುಗಳು ಇನ್ನೂ ಒಡೆಯುತ್ತಲೇ ಇರುತ್ತವೆ.