ಬೊವಿಂಗ್ಟನ್‌ನಲ್ಲಿ ಟ್ಯಾಂಕ್‌ಗಳ ಒಳಗಿನವರನ್ನು ಹುಡುಕಿದ್ದು

ಸುಮಾರು 300 ಯುದ್ಧವಾಹನಗಳಿರುವ ಮ್ಯೂಸಿಯಂ ಅನ್ನು ಪೂರ್ತಿ ನೋಡಿಯೇ ತೀರುತ್ತೇನೆಂದು ಹೊರಟವರಿಗೆ ಸಂಜೆ ಕಾಲುನೋವು ಬಿಟ್ಟು ಬೇರೇನೂ ಉಳಿಯುವುದಿಲ್ಲ. ಹಾಗಾಗಿ ದಕ್ಷಿಣ ಇಂಗ್ಲೆಂಡಿನ ಕಾರು ಪ್ರವಾಸದ ನಡುವೆ ಡಾರ್ಸೆಟ್‌ನ ಬೊವಿಂಗ್ಟನ್ ಟ್ಯಾಂಕ್ ಮ್ಯೂಸಿಯಂಗೆ ಹೋಗುವಾಗ ನೋಡಬೇಕಾದ ಕೆಲವನ್ನು ಮೊದಲೇ ಆರಿಸಿಕೊಂಡೆ. ಪ್ರತಿಯೊಂದರ ಮುಂದೆಯೂ ಕೇಳಿಕೊಳ್ಳಲು ಇದ್ದದ್ದು ಒಂದೇ ಪ್ರಶ್ನೆ: ಇದರೊಳಗೆ ಕೂತವನ ಪಾಡೇನು? ಫಿರಂಗಿಯ ಅಳತೆ, ಕವಚದ ದಪ್ಪ ಮನೆಯಲ್ಲೇ ಕೂತು ಓದಬಹುದಾದ ಸಂಗತಿಗಳು.

ಹೆಚ್ಚು ಹೊತ್ತು ನಿಂತದ್ದು ಮಾರ್ಕ್ 1ರ ಬಳಿ. 1916ರ ಸೆಪ್ಟೆಂಬರ್ 15ರಂದು, ಮೊದಲ ಮಹಾಯುದ್ಧದ ಸೋಮ್ ಕದನದಲ್ಲಿ, ಜಗತ್ತಿನಲ್ಲೇ ಮೊದಲು ರಣರಂಗಕ್ಕಿಳಿದ ಬ್ರಿಟಿಷ್ ಟ್ಯಾಂಕ್ ಮಾದರಿ ಇದು. ಈಗ ಉಳಿದಿರುವುದು ಇದೊಂದೇ. ಒಳಗೆ ಎಂಟು ಜನ, ಅವರ ನಡುವೆಯೇ 105 ಅಶ್ವಶಕ್ತಿಯ ಡೈಮ್ಲರ್ ಎಂಜಿನ್, ಮಧ್ಯೆ ಗೋಡೆಯಿಲ್ಲ. ಓಡಿಸಲು ಚಾಲಕನೊಬ್ಬ ಸಾಲದು. ಪಕ್ಕದ ಅಧಿಕಾರಿ ಬ್ರೇಕ್ ಹಿಡಿಯಬೇಕು, ಹಿಂದಿನ ಇಬ್ಬರು ಎಡಬಲದ ಸರಪಳಿಗಳ ಗೇರ್ ಬದಲಿಸಬೇಕು. ಆ ಸದ್ದಿನಲ್ಲಿ ಕೂಗಿದರೆ ಕೇಳದು. ಎಂಜಿನ್ನಿನ ಮುಚ್ಚಳ ಬಡಿದು ಕೈಸನ್ನೆ ಮಾಡಬೇಕು. ಇಷ್ಟು ಸಾಹಸಕ್ಕೆ ಸಿಗುತ್ತಿದ್ದ ವೇಗ ಗಂಟೆಗೆ ಸುಮಾರು 6 ಕಿಲೋಮೀಟರ್. ಸೆಖೆ 50 ಡಿಗ್ರಿ ಮುಟ್ಟುತ್ತಿತ್ತು, ಕಾರ್ಬನ್ ಮಾನಾಕ್ಸೈಡ್ ತುಂಬಿದ ಗಾಳಿ ಉಸಿರಾಡಿ ಸೈನಿಕರು ಮೂರ್ಛೆ ಹೋಗುತ್ತಿದ್ದರು. ಶತ್ರುವಿಗಿಂತ ಮೊದಲು ಸ್ವಂತ ಎಂಜಿನ್ನನ್ನೇ ಎದುರಿಸಬೇಕಾಗಿತ್ತು.

ಟೈಗರ್ 131ರ ಸುತ್ತ ಯಾವಾಗಲೂ ಗುಂಪು. 1943ರ ಏಪ್ರಿಲ್‌ನಲ್ಲಿ ಟ್ಯುನೀಷಿಯಾದಲ್ಲಿ ಬ್ರಿಟಿಷರ ಕೈಗೆ ಸಿಕ್ಕ ಜರ್ಮನ್ ಟ್ಯಾಂಕ್ ಇದು, ಇಂದಿಗೂ ಓಡುತ್ತದೆ. ಜೊತೆಗಿದ್ದ ಭಾವನಿಗೆ ಗ್ಯಾರೇಜಿನ ಕೆಲಸ ಗೊತ್ತು. ಒಂದರ ಮೇಲೊಂದು ಹೊಂದಿಕೊಂಡ ಚಕ್ರಗಳ ಸಾಲನ್ನು ಬಗ್ಗಿ ನೋಡಿ, "ಒಳಗಿನ ಚಕ್ರ ಕೆಟ್ಟರೆ ಹೊರಗಿನವನ್ನೆಲ್ಲ ಬಿಚ್ಚಬೇಕಲ್ಲ ಮಾರಾಯ! ಇದನ್ನು ರೂಪಿಸಿದವನು ಸ್ಪ್ಯಾನರ್ ಹಿಡಿದವನಲ್ಲ" ಎಂದರು. ನಾನು ಹುಡುಕುತ್ತಿದ್ದದ್ದು ಫಿರಂಗಿ ನಳಿಕೆಯ ಅಡಿಯ ಗಾಯವನ್ನು. ಬ್ರಿಟಿಷರ ಚರ್ಚಿಲ್ ಟ್ಯಾಂಕೊಂದರ ಗುಂಡು ಅಲ್ಲಿಗೆ ತಗುಲಿ, ಜಾರಿ, ಫಿರಂಗಿ ಹೊತ್ತ ಗೋಪುರ ಕೂರುವ ಬಳೆಯಲ್ಲಿ ಸಿಕ್ಕಿಕೊಂಡಿತು, ಗೋಪುರ ತಿರುಗದಾಯಿತು. ಮುಂಭಾಗದಲ್ಲಿ 100 ಮಿಲಿಮೀಟರ್ ದಪ್ಪದ ಉಕ್ಕಿದ್ದರೂ ಒಳಗಿನವರು ಬಿಟ್ಟು ಓಡಬೇಕಾಯಿತು. ಇದು ಓಡುವುದನ್ನೇ ನೋಡಬೇಕೆನ್ನುವವರಿಗೆ ಟೈಗರ್ ಡೇ ಎಂಬ ಪ್ರದರ್ಶನವಿದೆ. ಆ ಜಂಗುಳಿ ನನಗೆ ಬೇಡ.

ಸಮುದ್ರದಲ್ಲಿ ತೇಲಲು ಸುತ್ತ ಕ್ಯಾನ್ವಾಸ್ ಪರದೆ ಎತ್ತಿಕೊಳ್ಳುತ್ತಿದ್ದ ಶೆರ್ಮನ್ ಡಿಡಿಯನ್ನು ನೋಡಿ ಭಾವ ಮಾತು ನಿಲ್ಲಿಸಿದರು. 1944ರ ಜೂನ್ 6ರಂದು ಫ್ರಾನ್ಸಿನ ನಾರ್ಮಂಡಿಯ ಒಮಾಹಾ ದಡದೆದುರು ಅಮೆರಿಕದ ಒಂದು ಬೆಟಾಲಿಯನ್ ನೀರಿಗಿಳಿಸಿದ ಇಂಥ 29 ಟ್ಯಾಂಕ್‌ಗಳಲ್ಲಿ 27 ಮುಳುಗಿದವು. ಸೆಂಚುರಿಯನ್ ಎಂಬ ಬ್ರಿಟಿಷ್ ಟ್ಯಾಂಕ್‌ನಲ್ಲಿ ಮಾತ್ರ ಒಳಗಿನವರ ಬಗ್ಗೆ ಯಾರೋ ಯೋಚಿಸಿದಂತಿದೆ: ಇಳಿಯದೆಯೇ ಚಹಾಕ್ಕೆ ನೀರು ಕಾಯಿಸುವ ವಿದ್ಯುತ್ ಪಾತ್ರೆ ಅದರಲ್ಲಿದೆ.

ಕಾರಿದ್ದರೆ ಮ್ಯೂಸಿಯಂನಲ್ಲೇ ದಿನ ಮುಗಿಸಬೇಡಿ. ಹತ್ತಿರದ ಕ್ಲೌಡ್ಸ್ ಹಿಲ್, ಮೊದಲ ಮಹಾಯುದ್ಧದಲ್ಲಿ ಅರಬರ ಜೊತೆ ಹೋರಾಡಿ ಲಾರೆನ್ಸ್ ಆಫ್ ಅರೇಬಿಯಾ ಎಂದು ಹೆಸರಾದ ಬ್ರಿಟಿಷ್ ಅಧಿಕಾರಿ ಟಿ. ಇ. ಲಾರೆನ್ಸ್‌ನ ಪುಟ್ಟ ಮನೆ. 1935ರಲ್ಲಿ ಮನೆಯ ಹತ್ತಿರದ ರಸ್ತೆಯಲ್ಲೇ ಸೈಕಲ್ ಹುಡುಗರನ್ನು ತಪ್ಪಿಸಲು ಹೋಗಿ ಮೋಟಾರ್‌ಸೈಕಲ್‌ನಿಂದ ಬಿದ್ದ ಆತ ಕೆಲವೇ ದಿನಗಳಲ್ಲಿ ತೀರಿಕೊಂಡ. ಸಮುದ್ರದ ಕಡೆ ಟೈನ್‌ಹ್ಯಾಮ್ ಇದೆ. ಟ್ಯಾಂಕ್ ತರಬೇತಿಗೆಂದು 1943ರಲ್ಲಿ ತೆರವು ಮಾಡಿದ ಈ ಹಳ್ಳಿಗೆ ಜನ ಮರಳಲೇ ಇಲ್ಲ. ಈ ಹಳ್ಳಿ ಸೇರಿರುವ ಲಲ್‌ವರ್ತ್ ತರಬೇತಿ ವಲಯದಲ್ಲಿ ಸೇನೆ ಗುಂಡು ಹಾರಿಸುವಾಗ ಅಲ್ಲಿಗೆ ಹೋಗುವ ದಾರಿ ಮುಚ್ಚಿರುತ್ತದೆ. ವೇಳಾಪಟ್ಟಿ ನೋಡಿಕೊಂಡೇ ನಾನು ಶನಿವಾರ ಆರಿಸಿದ್ದೆ. ಅಲ್ಲಿ ನಡೆಯುವಾಗ ಹಳದಿ ಗೂಟಗಳ ಗುರುತು ಬಿಟ್ಟು ಆಚೆ ಕಾಲಿಡಬಾರದು; ಸಿಡಿಯದ ಶೆಲ್‌ಗಳು ನೆಲದಲ್ಲಿ ಇನ್ನೂ ಇರಬಹುದು.