ಕಾರಿನಲ್ಲಿ ವಾಂತಿ: ಹುಬ್ಬಳ್ಳಿಯಿಂದ ದಿಲ್ಲಿಯವರೆಗೆ ಸರಿಹೋದದ್ದು ಹೀಗೆ

ಹುಬ್ಬಳ್ಳಿಯಿಂದ ದಿಲ್ಲಿಗೆ ದಾರಿ ಹುಡುಕುವ ಕೆಲಸವೇ ಇಲ್ಲ. ರಾಷ್ಟ್ರೀಯ ಹೆದ್ದಾರಿ 48 ಹಿಡಿದರೆ ಬೆಳಗಾವಿ, ಪುಣೆ, ಮುಂಬೈ, ಸೂರತ್, ಜೈಪುರ ದಾಟಿಸಿ ಅಲ್ಲಿಗೇ ಮುಟ್ಟಿಸುತ್ತದೆ. ನಮ್ಮ ತೊಂದರೆ ಬೇರೆ. ನನ್ನ ಹೆಂಡತಿ ಕಾರು ಹತ್ತಿದರೆ ಸಾಕು, ತಲೆಸುತ್ತು, ವಾಂತಿ.

ಕಾರಣ ತಿಳಿದ ಮೇಲೆ ಅರ್ಧ ಪರಿಹಾರ ಸಿಕ್ಕಿತು. ಕಾರು ಓಡುವುದು, ತಿರುಗುವುದು ಒಳಕಿವಿಗೆ ಗೊತ್ತಾಗುತ್ತದೆ. ಮೊಬೈಲ್ ನೋಡುವ ಕಣ್ಣು ಮಾತ್ರ ಎಲ್ಲವೂ ನಿಂತಿದೆ ಅನ್ನುತ್ತದೆ. ಎರಡೂ ತಾಳೆಯಾಗದೆ ಹೊಟ್ಟೆ ತೊಳಸುತ್ತದೆ. ಹಾಗಾಗಿ ಮುಂದಿನ ಸೀಟು, ಕಣ್ಣು ದೂರದ ರಸ್ತೆಯ ಮೇಲೆ, ಮೊಬೈಲ್ ಬಂದ್. ಬೆಳಿಗ್ಗೆ ಮಿರ್ಚಿ ಭಜಿ ಬಿಟ್ಟು ಒಂದು ರೊಟ್ಟಿ, ಸ್ವಲ್ಪ ಮೊಸರು. ಖಾಲಿ ಹೊಟ್ಟೆಯೂ ಒಳ್ಳೆಯದಲ್ಲ.

ಪುಣೆ ದಾಟಿದ ಮೇಲೆ ಬರುವ ಖಂಡಾಳಾ ಘಾಟಿನದ್ದೇ ನಮಗೆ ಜಾಸ್ತಿ ಭಯ. ಅಲ್ಲಿ ಸ್ಟೇರಿಂಗನ್ನು ಅವಳಿಗೇ ಕೊಟ್ಟೆ. ಓಡಿಸುವವರಿಗೆ ಮುಂದಿನ ತಿರುವು, ಬ್ರೇಕು ಮೊದಲೇ ಗೊತ್ತಿರುತ್ತದೆ ಅಲ್ವಾ, ಅದಕ್ಕೇ ಅವರಿಗೆ ಈ ಕಾಟ ಕಡಿಮೆ. ಘಾಟು ಆರಾಮಾಗಿ ಇಳಿಸಿದಳು! ಡಾಕ್ಟರು ಬರೆದುಕೊಟ್ಟ ಮಾತ್ರೆಯನ್ನು ನಾನೇ ಪೂರ್ತಿ ಓಡಿಸುವ ದಿನಗಳಿಗೆ ಇಟ್ಟುಕೊಂಡಿದ್ದೆವು. ಅದು ನಿದ್ದೆ ಬರಿಸುತ್ತದೆ, ತೆಗೆದುಕೊಂಡ ದಿನ ಸ್ಟೇರಿಂಗ್ ಮುಟ್ಟಬಾರದು.