‘ಎರಡು ಸಾವಿರ ಬಂದಿದೆ, ಯಾವುದಕ್ಕೆ?’

ನಮ್ಮದು ಶಿರಾ ತಾಲೂಕು. ಸ್ವಂತ ಜಮೀನು ಎರಡು ಎಕರೆ ಹತ್ತು ಗುಂಟೆ. ಪಕ್ಕದಲ್ಲೇ ವಾರಕ್ಕೆ, ಅಂದರೆ ಬೆಳೆಯಲ್ಲಿ ಅರ್ಧ ಜಮೀನಿನ ಯಜಮಾನರಿಗೆ ಕೊಡುವ ಮಾತಿನ ಮೇಲೆ, ಮಾಡುವುದು ಮೂರು ಎಕರೆ. ಎರಡರಲ್ಲೂ ಕಡಲೆಕಾಯಿ, ಅಕ್ಕಡಿ ಸಾಲಿಗೆ ತೊಗರಿ. ಅದೇ ಮಣ್ಣು, ಅದೇ ಮಳೆ. ಆದರೆ ಸರ್ಕಾರದ ಲೆಕ್ಕದಲ್ಲಿ ನಾನು ಎರಡೂಕಾಲು ಎಕರೆಗೆ ಮಾತ್ರ ರೈತ.

ಅಷ್ಟಕ್ಕೆ ರೈತ ಅನ್ನಿಸಿಕೊಳ್ಳುವುದಕ್ಕೂ ಸಾಕುಸಾಕಾಯಿತು. 2019ರ ಫೆಬ್ರವರಿಯಲ್ಲಿ ಪಿಎಂ ಕಿಸಾನ್ ಶುರುವಾಯಿತು. ವರ್ಷಕ್ಕೆ 6,000, ಮೂರು ಕಂತು. ಊರಲ್ಲಿ ಒಬ್ಬೊಬ್ಬರ ಮೊಬೈಲೇ ಟಣ್ ಅನ್ನತೊಡಗಿತು, ನನ್ನದು ಸುಮ್ನಿತ್ತು. ಅಪ್ಪ ತೀರಿಕೊಂಡು ಏಳು ವರ್ಷವಾಗಿದ್ದರೂ ಪಹಣಿ ಅವರ ಹೆಸರಿನಲ್ಲೇ ಇತ್ತು.

ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು, ನಾಡಕಚೇರಿ ಹತ್ತಿದೆ. ಮರಣ ಪ್ರಮಾಣಪತ್ರ, ವಂಶವೃಕ್ಷ, ತಕರಾರಿಗೆ ನೋಟಿಸು. ವಂಶವೃಕ್ಷದಲ್ಲಿ ಇಬ್ಬರು ಅಕ್ಕಂದಿರೂ ಬರಬೇಕು, ಬಂದರು. ಆಮೇಲೆ ಅವರು ಹಕ್ಕು ಖುಲಾಸೆ ಪತ್ರ ಬರೆದುಕೊಟ್ಟರು. ಅದಕ್ಕೆ ನಾನು ಕೊಟ್ಟಿದ್ದು ಒಂದೊಂದು ಸೀರೆ. ಅದು ನ್ಯಾಯ ಅಂತ ನನಗೆ ಈಗಲೂ ಅನ್ನಿಸುವುದಿಲ್ಲ.

ರೈತ ಸಂಪರ್ಕ ಕೇಂದ್ರದಲ್ಲಿ ಫ್ರೂಟ್ಸ್ ಅನ್ನುವ ಸರ್ಕಾರದ ರೈತರ ಪಟ್ಟಿಗೆ ನೋಂದಣಿ ಮಾಡಿಸಿ ಎಫ್‌ಐಡಿ, ಅಂದರೆ ರೈತರ ಗುರುತಿನ ನಂಬರ್, ತಗೊಂಡೆ. ಇಲ್ಲೊಂದು ಎಡವಟ್ಟಾಯಿತು. ನಮ್ಮ ಜಮೀನು ಎರಡು ಸರ್ವೆ ನಂಬರಿನಲ್ಲಿದೆ, ಸೇರಿಸಿದ್ದು ಒಂದನ್ನೇ. ನಂಬರ್ ಬಂತು ಅಂತ ಖುಷಿಯಲ್ಲಿ ಮನೆಗೆ ಬಂದೆ, ನೋಡಲಿಲ್ಲ. ನೀವು ಅಲ್ಲೇ ನಿಂತು ಎಲ್ಲ ಸರ್ವೆ ನಂಬರೂ ಓದಿಸಿ. ಹಾಗೇ ದುಡ್ಡು ಹೋಗುವುದು ಆಧಾರ್ ಜೋಡಣೆಯಾಗಿರುವ ಖಾತೆಗೆ. ನನ್ನ ಮೊದಲ ಕಂತು, ನಾನು ಮರೆತೇಬಿಟ್ಟಿದ್ದ ಹಳೇ ಪಾಸ್‌ಬುಕ್ಕಿನಲ್ಲಿ ಕೂತಿತ್ತು.

ಆಮೇಲೆ ಸ್ಪ್ರಿಂಕ್ಲರ್ ಪೈಪು ಸುಲಭವಾಗಿ ಸಿಕ್ಕಿತು, ಶೇ 90ರಷ್ಟು ಸಬ್ಸಿಡಿ. ನನ್ನ ವಂತಿಕೆ ಕಟ್ಟಿದೆ, ಪೈಪು ಹೊತ್ತು ತಂದೆ.

ವಾರದ ಮೂರು ಎಕರೆಗೆ ಇದ್ಯಾವುದೂ ಇಲ್ಲ. ಆ ಜಮೀನಿನ ಯಜಮಾನರು ಬೆಂಗಳೂರಿನಲ್ಲಿದ್ದಾರೆ, ನಿವೃತ್ತ ನೌಕರರು. ಒಳ್ಳೆಯವರೇ. ‘ಸಾರ್, ಒಂದು ಕರಾರು ಪತ್ರ ಮಾಡಿಕೊಡಿ’ ಅಂತ ಒಮ್ಮೆ ಕೇಳಿದೆ. ಮುಖ ಚಿಕ್ಕದಾಯಿತು. ‘ಅದೊಂದು ಬೇಡಪ್ಪ’ ಅಂದರು. ದೇವರಾಜ ಅರಸು ಕಾಲದ 1974ರ ಭೂಸುಧಾರಣೆಯಲ್ಲಿ, ಅವರ ತಂದೆ ಗೇಣಿಗೆ ಕೊಟ್ಟಿದ್ದ ಜಮೀನು ಹೋಗಿತ್ತಂತೆ. ಆ ಕಾನೂನಿನಿಂದ ಎಷ್ಟೋ ಗೇಣಿದಾರರು ಒಡೆಯರಾದರು, ಅದು ದೊಡ್ಡ ಕೆಲಸವೇ. ಆದರೆ ಅಲ್ಲಿಂದಾಚೆಗೆ ಜಮೀನು ಗೇಣಿಗೆ ಕೊಡುವುದಕ್ಕೇ ನಿಷೇಧ. ಕೊಡುವುದು ನಿಂತಿಲ್ಲ, ಕಾಗದ ಮಾತ್ರ ನಿಂತಿದೆ. ಕಾಗದವಿಲ್ಲದವನ ಹೆಸರು ಫ್ರೂಟ್ಸ್‌ಗೆ ಎಲ್ಲಿಂದ ಬರಬೇಕು? ನನಗೆ ಆ ಹೊಲದ ಮೇಲೆ ಸಿಗುವ ಸಬ್ಸಿಡಿ ಅಂದರೆ ಗೊಬ್ಬರದ್ದು ಒಂದೇ. ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದರೆ ಯೂರಿಯಾ ಮೂಟೆ ಯಾರಿಗಾದರೂ ಒಂದೇ ರೇಟು, ಪಹಣಿ ಕೇಳಲ್ಲ.

2023ರಲ್ಲಿ ಮಳೆ ಕೈಕೊಟ್ಟಿತು. ಮೂರೆಕರೆಯ ಬಳ್ಳಿ ಒಣಗಿ ದನಕ್ಕೂ ಆಗಲಿಲ್ಲ. ಮುಂದಿನ ಜನವರಿಯಲ್ಲಿ ಬರ ಪರಿಹಾರದ ಮೊದಲ ಕಂತು ಅಂತ ರೈತರಿಗೆ 2,000ದವರೆಗೆ ಹಾಕಿದರು. ಒಂದು ಸಂಜೆ ಯಜಮಾನರ ಫೋನು.

‘ಏನಪ್ಪಾ, ನನ್ನ ಅಕೌಂಟಿಗೆ ಎರಡು ಸಾವಿರ ಬಂದಿದೆ, ಯಾವುದಕ್ಕೆ ಗೊತ್ತಾ?’

‘ಬೆಳೆ ಒಣಗಿತಲ್ಲ ಸಾರ್, ಅದಕ್ಕೆ.’

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ವಾರ ಅಂದ್ಮೇಲೆ ಅರ್ಧ ನಿಂದು’ ಅಂದು ಸಾವಿರ ಕಳಿಸಿದರು. ಬೀಜ, ಗೊಬ್ಬರ, ಆಳು ಪೂರಾ ನನ್ನದಾಗಿತ್ತು. ಆದರೂ ಆ ಸಾವಿರ ಕೊಡಲೇಬೇಕು ಅಂತ ಅವರಿಗೇನೂ ಇರಲಿಲ್ಲ ಅಲ್ವಾ.

ಅದಾದ ಮುಂದಿನ ಮುಂಗಾರಿಗೆ ಬಿತ್ತುವ ಮೊದಲೇ ಮಾತಾಡಿಕೊಂಡೆವು. ಬೆಳೆ ಹೋದರೆ ಬರುವ ದುಡ್ಡೆಲ್ಲ ನನಗೆ, ವಿಮೆ ಅವರ ಹೆಸರಿನಲ್ಲಿ, ಕಂತು ನಾನು ಕಟ್ಟುವುದು. ಎಲ್ಲ ಬಾಯಿಮಾತೇ.